ಜನರಲ್ ಹತ್ತಿದ ವಿಮಾನದಲ್ಲಿ ಕೊನೆಯ ಮಾತು ಯಾರದು?

ಗಾಳಿಪಟ
ಒಂದು ಸಂದೇಹ. ಸೇನೆಯ ಸಾರಿಗೆ ವಿಮಾನ, ನಡೆಸುತ್ತಿರುವವನು ಕಿರಿಯ ಅಧಿಕಾರಿ, ಹಿಂದೆ ಕೂತಿರುವವರು ಮೇಜರ್ ಜನರಲ್. ಇಳಿಯಬೇಕಾದ ಕಡೆ ಮಂಜು ಕವಿದಿದೆ. ಜನರಲ್ ಕಾಕ್‌ಪಿಟ್ಟಿಗೆ ಬಂದು "ಇಳಿಸಿಬಿಡು, ಹೊತ್ತಾಯಿತು" ಎಂದರೆ ಅದು ಆದೇಶವೇ? ನಾಗರಿಕ ವಿಮಾನದಲ್ಲಿ ಪೈಲಟ್ ಮಾತೇ ಕೊನೆ ಎಂಬುದು ಗೊತ್ತು. ಸೇನೆಯಲ್ಲಿ ಮೇಲಧಿಕಾರಿಯ ಮಾತು ಮೀರುವುದೇ ಅಪರಾಧವಲ್ಲವೇ? ಹತ್ತು-ಹನ್ನೆರಡು ಜನ ಕೆಲಸ ಮಾಡುವ ವಿಮಾನದಲ್ಲಿ ಕಮಾಂಡರ್ ಎಂದರೆ ಯಾವಾಗಲೂ ಪೈಲಟ್ಟೇನಾ ಎಂಬುದೂ ತಿಳಿಯಬೇಕು.

ಎಡಸೀಟು
ಆದೇಶವಲ್ಲ. ಆದರೆ ಹಾಗೆನ್ನಲು ಆಧಾರ ಎಲ್ಲಿದೆ ಎಂಬುದು ಒಂದೊಂದು ದೇಶದಲ್ಲಿ ಒಂದೊಂದು ಥರ.

1944ರ ಶಿಕಾಗೊ ಒಪ್ಪಂದದ 3ನೇ ವಿಧಿ ಸೇನೆ, ಸುಂಕ ಮತ್ತು ಪೊಲೀಸ್ ವಿಮಾನಗಳನ್ನು ಒಪ್ಪಂದದಿಂದ ಹೊರಗಿಟ್ಟಿದೆ. ಹಾಗಾಗಿ ಅದರ 2ನೇ ಅನುಬಂಧದಲ್ಲಿರುವ "ವಿಮಾನದ ವಿಷಯದಲ್ಲಿ ಪೈಲಟ್ ಇನ್ ಕಮಾಂಡ್‌ನದೇ ಅಂತಿಮ ಅಧಿಕಾರ" ಎಂಬ ನಿಯಮ ಸೇನೆಗೆ ತಾನಾಗಿ ತಾಗುವುದಿಲ್ಲ. ಸೇನೆಗಳು ಅದೇ ತತ್ವವನ್ನು ತಮ್ಮ ಹಾರಾಟದ ನಿಯಮಾವಳಿಯಲ್ಲಿ ತಾವೇ ಬರೆದುಕೊಂಡಿವೆ. ಅಮೆರಿಕದ ವಾಯುಪಡೆಯಲ್ಲಿ ಅಂತಿಮ ಅಧಿಕಾರ ಪೈಲಟ್ ಇನ್ ಕಮಾಂಡ್‌ನದು, ದರ್ಜೆ ಲೆಕ್ಕಕ್ಕಿಲ್ಲ. ಅಲ್ಲಿನ ನೌಕಾಪಡೆಯೂ ದರ್ಜೆ, ಹಿರಿತನ ನೋಡಬೇಡಿ ಎನ್ನುತ್ತದೆ, ಆದರೆ ಕೆಲವು ವಿನಾಯಿತಿಗಳನ್ನು ಅಲ್ಲೇ ಬರೆದಿಟ್ಟಿದೆ. ಸ್ಕ್ವಾಡ್ರನ್ ಅಥವಾ ವಿಂಗ್ (ಹಲವು ಸ್ಕ್ವಾಡ್ರನ್ ಸೇರಿದ ಘಟಕ) ಕಮಾಂಡರ್ ತನ್ನದೇ ಘಟಕದ ವಿಮಾನಗಳ ಮಿಷನ್ನಿನಲ್ಲಿ ಜೊತೆಗೆ ಹಾರುತ್ತಿದ್ದರೆ, ಮಿಷನ್ ಸೇರಿದಂತೆ ಅವನ ಅಧಿಕಾರ ಅವನ ಬಳಿಯೇ ಉಳಿಯುತ್ತದೆ.

ನಿಮ್ಮ ಜನರಲ್ ಬರೀ ಪ್ರಯಾಣಿಕ. ಅವರು ಕೇಳಬಹುದು, ಕಾರಣ ವಿಚಾರಿಸಬಹುದು, ಇಳಿದ ಮೇಲೆ ದೂರು ಬರೆಯಬಹುದು. ವಿಮಾನವನ್ನು, ನೆಲ ಕಾಣದಿದ್ದರೆ ದಾಟಬಾರದ ಕನಿಷ್ಠ ಎತ್ತರವಾದ ಮಿನಿಮಮ್ಸ್‌ಗಿಂತ ಕೆಳಗೆ ಇಳಿಸುವಂತೆ ಮಾಡಲಾರರು.

ಉಪ್ಪುಗಾಳಿ
ಎಡಸೀಟು ಹೇಳಿದ್ದಕ್ಕೆ ಒಂದು ತಿದ್ದುಪಡಿ ಬೇಕು, ಇಲ್ಲದಿದ್ದರೆ ಓದಿದವರು ಪೈಲಟ್ ಏನು ಬೇಕಾದರೂ ನಿರಾಕರಿಸಬಹುದು ಅಂದುಕೊಳ್ಳುತ್ತಾರೆ. ಅಪಾಯವಿದೆ ಎಂಬ ಒಂದೇ ಕಾರಣಕ್ಕೆ ಸೇನಾ ಪೈಲಟ್ ಮಿಷನ್ ಬೇಡ ಅನ್ನುವಂತಿಲ್ಲ. ಯುದ್ಧದಲ್ಲಿ ಎಷ್ಟು ಅಪಾಯ ಒಪ್ಪಬೇಕು ಎಂಬುದನ್ನು ಮೇಲಿನವರು ತೀರ್ಮಾನಿಸುತ್ತಾರೆ. ಇಂಧನ ಸಾಲದು, ಹವೆ ಮಿತಿಯೊಳಗಿಲ್ಲ, ಸಿಬ್ಬಂದಿಯ ವಿಶ್ರಾಂತಿ ಮುಗಿದಿಲ್ಲ, ಯಂತ್ರದಲ್ಲಿ ದೋಷವಿದೆ: ನಿರಾಕರಣೆ ನಿಲ್ಲುವುದು ಇಂಥವುಗಳ ಮೇಲೆ. ಮಿಷನ್ ಒಂದು, ವಿಮಾನ ಇನ್ನೊಂದು. ಎರಡಕ್ಕೂ ಒಬ್ಬನೇ ಯಜಮಾನ ಇರಬೇಕೆಂದಿಲ್ಲ.

ಗಾಳಿಪಟ ಅವರ ಕೊನೆಯ ಪ್ರಶ್ನೆಗೂ ಇದೇ ಉತ್ತರ. ಸಮುದ್ರದ ಮೇಲೆ ಜಲಾಂತರ್ಗಾಮಿ ಹುಡುಕುವ ಪಿ-3 ಓರಿಯನ್ ತೆಗೆದುಕೊಳ್ಳಿ. ವಿಮಾನದ ಕಮಾಂಡರ್ ಪೈಲಟ್ಟೇ. ಆದರೆ ಮಿಷನ್ ಕಮಾಂಡರ್ ಹಿಂದೆ ಕೂರುವ ಟ್ಯಾಕೊ ಇರಬಹುದು, ಅಂದರೆ ಸೋನೋಬಾಯ್ (ನೀರಿನೊಳಗಿನ ಸದ್ದು ಹಿಡಿಯುವ ತೇಲುಸಾಧನ) ಎಲ್ಲಿ ಹಾಕಬೇಕು, ಯಾವ ಗುರಿಯ ಬೆನ್ನು ಹತ್ತಬೇಕು ಎಂದು ಹೇಳುವ, ಪೈಲಟ್ ಅಲ್ಲದ ಅಧಿಕಾರಿ. ಬ್ರಿಟನ್ನಿನ ನಿಮ್ರಾಡ್‌ನಲ್ಲಿ ಇನ್ನೂ ಮುಂದೆ ಹೋಗಿ, ಪೈಲಟ್ ಅಲ್ಲದವರನ್ನೂ ಇಡೀ ವಿಮಾನದ ಕ್ಯಾಪ್ಟನ್ ಮಾಡುವ ರೂಢಿ ಇತ್ತು. ಆಗಲೂ ವಿಮಾನವನ್ನು ಕೈಯಲ್ಲಿ ಹಿಡಿದು ನಡೆಸುವ ಹೊಣೆ ಪೈಲಟ್ಟಿನದೇ.

ಜಗಳ ಹುಟ್ಟುವ ಜಾಗ ನೋಡಿ. ಸಮುದ್ರದ ಮೇಲೆ ಹೆಚ್ಚು ಹೊತ್ತು ಸುತ್ತಲು ಪಿ-3ರಲ್ಲಿ ನಾಲ್ಕು ಎಂಜಿನ್‌ಗಳಲ್ಲಿ ಎಡತುದಿಯ 1ನೆಯದನ್ನು ನಿಲ್ಲಿಸಿ ಮೂರರಲ್ಲಿ ಹಾರುತ್ತಾರೆ. ಇಂಧನ ಉಳಿಯುತ್ತದೆ, ಟ್ಯಾಕೊಗೆ ಸಮಯ ಸಿಗುತ್ತದೆ. ಆದರೆ ಎಂಜಿನ್ ನಿಲ್ಲಿಸುವುದು ಮಿಷನ್ನಿನ ತೀರ್ಮಾನವಲ್ಲ, ವಿಮಾನದ ತೀರ್ಮಾನ. ತೂಕ, ಎತ್ತರ, ಹೊರಗಿನ ಉಷ್ಣತೆ ನೋಡಿ, ಉಳಿದ ಮೂರರಲ್ಲಿ ಇನ್ನೊಂದು ಕೆಟ್ಟರೆ ಎತ್ತರ ಕಾಯಬಹುದೇ ಎಂದು ಫ್ಲೈಟ್ ಎಂಜಿನಿಯರ್ ಜೊತೆ ಲೆಕ್ಕ ಹಾಕಿ ಪೈಲಟ್ ಹೂಂ ಅನ್ನಬೇಕು. ಬಿಂಗೊ ಇಂಧನವೂ, ಅಂದರೆ ಮನೆ ಕಡೆ ತಿರುಗಲೇಬೇಕಾದ ಇಂಧನದ ಅಂಕಿಯೂ, ಹಾಗೆಯೇ. ನೆಲ ಬಿಡುವ ಮೊದಲೇ ಅಂಕಿ ಬರೆದಿಟ್ಟಿರುತ್ತದೆ. ಗುರಿ ಇನ್ನೇನು ಸಿಕ್ಕಿತು ಅನ್ನುವ ಹೊತ್ತಿಗೆ ಮುಳ್ಳು ಆ ಅಂಕಿಗೆ ಬಂದರೆ ಟ್ಯಾಕೊ ಗೋಗರೆದರೂ ಮೂತಿ ಮನೆ ಕಡೆ ತಿರುಗಬೇಕು. ಅಂಕಿಯನ್ನು ಗಾಳಿಯಲ್ಲಿ ಬದಲಿಸುವುದಾದರೆ ಕಾರಣವೂ ಅಂಕಿಯೇ ಆಗಿರಬೇಕು: ಎದುರುಗಾಳಿ ಇಳಿಯಿತು, ಹತ್ತಿರದ ಇನ್ನೊಂದು ನಿಲ್ದಾಣ ತೆರೆಯಿತು, ಹೀಗೆ. ಆಸೆಗೆ ಬದಲಿಸುವುದಲ್ಲ.

ಕಪ್ಪುಪೆಟ್ಟಿಗೆ
ಮಂಜು, ಜನರಲ್ ಎಂದಾಗ ಎಲ್ಲರಿಗೂ ನೆನಪಾಗುವುದು ರಷ್ಯಾದ ಸ್ಮೊಲೆನ್ಸ್ಕ್. 2010ರ ಏಪ್ರಿಲ್ 10, ಪೋಲೆಂಡ್ ವಾಯುಪಡೆಯ ಟಿಯು-154ಎಂ, ರಾಷ್ಟ್ರಾಧ್ಯಕ್ಷರೂ ಸೇರಿ 96 ಜನ ಸತ್ತರು. ವಾಯುಪಡೆಯ ಮುಖ್ಯಸ್ಥರೇ ವಿಮಾನದಲ್ಲಿದ್ದರು. ಅವರು ಕಾಕ್‌ಪಿಟ್‌ನಲ್ಲಿದ್ದದ್ದೇ ಸಿಬ್ಬಂದಿಯ ಮೇಲೆ ಮಾನಸಿಕ ಒತ್ತಡ ತಂದಿತು ಎಂದು ರಷ್ಯಾ ಕಡೆಯ ತನಿಖೆ ಹೇಳಿತು. ಪೋಲೆಂಡಿನ 2011ರ ಸರ್ಕಾರಿ ವರದಿ ನೇರ ಒತ್ತಡ ಇರಲಿಲ್ಲ ಎಂದಿತು. ಆ ವಾದ ಇಂದಿಗೂ ಮುಗಿದಿಲ್ಲ, ಇಲ್ಲಿ ಮುಗಿಸುವುದೂ ಬೇಡ.

ನನಗೆ ಅದಕ್ಕಿಂತ ಮುಖ್ಯ ಅನಿಸುವುದು ಎರಡು ಸಂಗತಿ. ಮೊದಲನೆಯದು ಯಾಂತ್ರಿಕ. ನೆಲ ಕಾಣದಿದ್ದರೆ 100 ಮೀಟರಿಗೆ ಇಳಿತ ನಿಲ್ಲಬೇಕಿತ್ತು. ನ್ಯಾವಿಗೇಟರ್ ಓದುತ್ತಿದ್ದದ್ದು ರೇಡಿಯೊ ಆಲ್ಟಿಮೀಟರ್. ಅದು ಕೆಳಗಿರುವ ನೆಲದಿಂದ ಎತ್ತರ ಹೇಳುತ್ತದೆ, ರನ್‌ವೇಯಿಂದ ಅಲ್ಲ. ರನ್‌ವೇಗೆ ಮುಂಚೆ ಅಲ್ಲಿ ಕಣಿವೆ ಇದೆ. ವಿಮಾನ ಇಳಿದಂತೆ ನೆಲವೂ ಇಳಿಯುತ್ತಿತ್ತು, ಹಾಗಾಗಿ "100" ಎಂಬ ಕೂಗು ಒಂದಕ್ಕಿಂತ ಹೆಚ್ಚು ಸಲ ಕೇಳಿಬಂತು. ಕಣಿವೆಯ ಆಚೆ ದಡ ಏರತೊಡಗಿದಾಗ ಎಲ್ಲ ಮುಗಿದಿತ್ತು. "ಪುಲ್ ಅಪ್" ಎಚ್ಚರಿಕೆ ಅಷ್ಟು ಹೊತ್ತೂ ಬಡಿದುಕೊಳ್ಳುತ್ತಿತ್ತು.

ಎರಡನೆಯದು ಅದಕ್ಕೂ ಎರಡು ವರ್ಷ ಹಿಂದಿನದು. 2008ರ ಆಗಸ್ಟ್‌ನಲ್ಲಿ ಜಾರ್ಜಿಯಾ ಯುದ್ಧದ ನಡುವೆ ಅದೇ ರಾಷ್ಟ್ರಾಧ್ಯಕ್ಷರು ಟಿಬಿಲಿಸಿಗೆ ಹೋಗಬೇಕಿತ್ತು. ಕ್ಯಾಪ್ಟನ್ ಸುರಕ್ಷತೆಯ ಕಾರಣ ಕೊಟ್ಟು ಒಪ್ಪಲಿಲ್ಲ, ಅಜರ್‌ಬೈಜಾನಿನ ಗಂಜಾದಲ್ಲಿ ಇಳಿಸಿದ. ಅಲ್ಲಿಂದ ಮುಂದೆ ರಸ್ತೆ. ರಕ್ಷಣಾ ಸಚಿವಾಲಯ ಆಮೇಲೆ ಅವನಿಗೆ ಪದಕ ಕೊಟ್ಟಿತು, ನಿಜ. ಆದರೆ ರಾಷ್ಟ್ರಾಧ್ಯಕ್ಷರು ಬಹಿರಂಗವಾಗಿ ಅಸಮಾಧಾನ ತೋರಿದ್ದೂ ನಿಜ. ಆ ದಿನ ಕೋ-ಪೈಲಟ್ ಸೀಟಿನಲ್ಲಿ ಕೂತು ಇದನ್ನೆಲ್ಲ ನೋಡಿದವರೇ ಸ್ಮೊಲೆನ್ಸ್ಕ್ ದಿನ ಕ್ಯಾಪ್ಟನ್ ಆಗಿದ್ದರು. ಯಾರೂ ಬಾಯಿ ಬಿಟ್ಟು ಏನೂ ಹೇಳಬೇಕಾಗಿಲ್ಲ ಸ್ವಾಮಿ, ಹಿಂದಿನ ಸಲ ಏನಾಯಿತು ಎಂಬುದು ನೆನಪಿದ್ದರೆ ಸಾಕು.

ಗಾಳಿಪಟ
ಅಂದರೆ ನಿಯಮ ಪುಸ್ತಕದಲ್ಲಿದ್ದೂ ಕಾಕ್‌ಪಿಟ್ಟಿಗೆ ಬರುವುದಿಲ್ಲ. ಸರಿ, ಒತ್ತಡ ಹೊರಗಿಂದ ಬಾರದೆ ಕ್ಯಾಪ್ಟನ್ನೇ ಮಿತಿ ಮೀರಿದರೆ? ಆಗ ಅಂತಿಮ ಅಧಿಕಾರವೇ ಅಪಾಯವಾಯಿತಲ್ಲ?

ದಫ್ತರ
ಅದಕ್ಕೇ ಹಾರುವ ಮುಂಚಿನ ಸಹಿ. ಕ್ಯಾಪ್ಟನ್ನಿನ ಅಧಿಕಾರ ಬಾಡಿಗೆಗೆ ಕೊಟ್ಟ ಅಧಿಕಾರ. ಒಂದು ಹಾರಾಟಕ್ಕೆ, ಒಂದು ಹಾಳೆಯಲ್ಲಿ, ಇಂತಿಷ್ಟೇ ಎಂದು ಕೊಡುತ್ತಾರೆ. ಯಾರು, ಯಾವ ವಿಮಾನ, ಎಲ್ಲಿಗೆ, ಕನಿಷ್ಠ ಎತ್ತರ ಎಷ್ಟು, ಹವೆಯ ಮಿತಿ ಏನು, ಯಾವ ಅಭ್ಯಾಸಕ್ಕೆ ಒಪ್ಪಿಗೆ ಇಲ್ಲ. ಅಮೆರಿಕದ ಭೂಸೇನೆಯ ವಾಯು ಘಟಕಗಳಲ್ಲಿ ಇದು ಮೂರು ಮೆಟ್ಟಿಲು: ಮಿಷನ್ ಒಪ್ಪಿಕೊಳ್ಳುವುದು, ಯೋಜನೆ ಮಾಡಿ ಬ್ರೀಫಿಂಗ್ ಮಾಡುವುದು, ಕೊನೆಯ ಮಂಜೂರಾತಿ. ಅಪಾಯದ ಮಟ್ಟ ಏರಿದಂತೆ ಸಹಿ ಹಾಕುವವರ ದರ್ಜೆಯೂ ಏರುತ್ತದೆ. ಕಡಿಮೆ ಅಪಾಯಕ್ಕೆ ಕಂಪನಿ ಮಟ್ಟದ ಕಮಾಂಡರ್ ಸಾಕು, ಅತಿ ಹೆಚ್ಚು ಎಂದರೆ ಜನರಲ್ ಮಟ್ಟಕ್ಕೇ ಹೋಗಬೇಕು.

ಇದರಲ್ಲಿ ಮಾಮೂಲಾಗಿ ಕೆಡುವುದು ಎಲ್ಲಿ ಗೊತ್ತೇ? ಅಪಾಯದ ಅಂಕಪಟ್ಟಿ ತುಂಬುವವನು ಬೇಕಾದ ಮೊತ್ತವನ್ನು ಮನಸ್ಸಲ್ಲಿಟ್ಟುಕೊಂಡು ಹಿಂದಿನಿಂದ ತುಂಬುತ್ತಾನೆ. ಮೇಲಿನವರ ಸಹಿಗೆ ಕಾಯುವುದು ಬೇಡ ಎಂದು "ರಾತ್ರಿ, ಚಂದ್ರನಿಲ್ಲ" ಎಂಬ ಸಾಲಿಗೆ ಒಂದು ಅಂಕ ಕಡಿಮೆ ಬೀಳುತ್ತದೆ. ಇನ್ನೊಂದು, ಹೊರಟ ಮೇಲೆ ಕೆಲಸ ಬದಲಾದರೂ ಹಾಳೆ ಬದಲಾಗುವುದಿಲ್ಲ. ಸಾಮಾನು ಒಯ್ಯಲು ಸಹಿ ಆದ ಹಾರಾಟ ಗಾಯಾಳುಗಳನ್ನು ತರುವ ಹಾರಾಟವಾದರೆ ಸಹಿ ಹಾಕಿದವರನ್ನು ರೇಡಿಯೊದಲ್ಲಿ ಮತ್ತೆ ಕೇಳಬೇಕು. ಎಷ್ಟೋ ಕಡೆ ಕೇಳುವುದಿಲ್ಲ.

ಮಿತಿ ಮೀರುವ ಕ್ಯಾಪ್ಟನ್ ಎಂದರೆ ಫೇರ್‌ಚೈಲ್ಡ್. 1994ರ ಜೂನ್ 24, ವಾಷಿಂಗ್ಟನ್ ರಾಜ್ಯದ ವಾಯುನೆಲೆ, ಬಿ-52ಎಚ್ ಬಾಂಬರ್, ಏರ್ ಶೋ ತಾಲೀಮು. ಪೈಲಟ್ ವಿಂಗ್‌ನ ಮೌಲ್ಯಮಾಪನ ವಿಭಾಗದ ಮುಖ್ಯಸ್ಥ. ಉಳಿದ ಪೈಲಟ್‌ಗಳು ನಿಯಮ ಪಾಲಿಸುತ್ತಾರೋ ಎಂದು ಪರೀಕ್ಷಿಸುವ ಹುದ್ದೆ ಅದು! ವರ್ಷಗಟ್ಟಲೆ ಎಲ್ಲರ ಕಣ್ಣೆದುರೇ ಮಿತಿ ಮುರಿದಿದ್ದ. ಸ್ಕ್ವಾಡ್ರನ್ ಕಮಾಂಡರ್ ಇವನನ್ನು ಹಾರಿಸಬೇಡಿ ಎಂದು ಮೇಲಕ್ಕೆ ಶಿಫಾರಸು ಮಾಡಿದ, ಮೇಲಿನವರು ಒಪ್ಪಲಿಲ್ಲ. ಆಗ ತನ್ನ ಹುಡುಗರನ್ನು ಇವನ ಪಕ್ಕ ಕೂರಿಸುವುದಿಲ್ಲ, ಕೂರುವುದಾದರೆ ನಾನೇ ಎಂದು ತಾನೇ ಕೋ-ಪೈಲಟ್ ಆಗಿ ಹತ್ತಿದ. ವಿಂಗ್ ಕಮಾಂಡರ್ 45 ಡಿಗ್ರಿಗಿಂತ ಹೆಚ್ಚು ವಾಲಿಸಬೇಡ ಎಂದಿದ್ದರು. ವಾರದ ಹಿಂದಿನ ತಾಲೀಮಿನಲ್ಲೇ ಅದು ಮುರಿದಿತ್ತು, ಯಾರೂ ಕೇಳಲಿಲ್ಲ.

ಆ ದಿನ ಕಂಟ್ರೋಲ್ ಟವರ್ ಸುತ್ತ ಸುಮಾರು 250 ಅಡಿ ಎತ್ತರದಲ್ಲಿ ಎಡಕ್ಕೆ ಪೂರ್ತಿ ಸುತ್ತು. ಲೆಕ್ಕ ಸರಳ. 45 ಡಿಗ್ರಿ ವಾಲಿ ಎತ್ತರ ಕಾಯಲು 1.41 ಜಿ (ತೂಕದ 1.41 ಪಟ್ಟು ಎತ್ತುಬಲ) ಬೇಕು, ಸ್ಟಾಲ್ ವೇಗ (ಅದಕ್ಕಿಂತ ಕಡಿಮೆಯಾದರೆ ರೆಕ್ಕೆ ಗಾಳಿಯ ಹಿಡಿತ ಬಿಡುವ ವೇಗ) ಶೇ 19 ಏರುತ್ತದೆ. 60 ಡಿಗ್ರಿಗೆ 2 ಜಿ, ಸ್ಟಾಲ್ ವೇಗ ಶೇ 41 ಏರುತ್ತದೆ. ವಾಲಿಕೆ 60 ದಾಟಿತು, ವೇಗ ಬೀಳುತ್ತಿತ್ತು, ರೆಕ್ಕೆ ಹಿಡಿತ ಬಿಟ್ಟಿತು. ಅಷ್ಟು ತಗ್ಗಿನಲ್ಲಿ ಚೇತರಿಸಿಕೊಳ್ಳಲು ಜಾಗವೇ ಇಲ್ಲ. ನಾಲ್ವರೂ ಹೋದರು. ಸುರಕ್ಷತಾ ವೀಕ್ಷಕನಾಗಿ ಕೂತಿದ್ದವರು ಕರ್ನಲ್, ವಿಂಗ್‌ನ ಉಪ ಕಮಾಂಡರ್. ದರ್ಜೆಯಲ್ಲಿ ಪೈಲಟ್ಟಿಗಿಂತ ಮೇಲೆ. ಆ ಕ್ಷಣದಲ್ಲಿ ದರ್ಜೆ ಯಾವ ಕೆಲಸಕ್ಕೂ ಬರಲಿಲ್ಲ.

ಆಮೇಲೆ ಕೋರ್ಟ್ ಮಾರ್ಷಲ್‌ನಲ್ಲಿ ಕರ್ತವ್ಯಲೋಪ ಒಪ್ಪಿಕೊಂಡವರು ಹಾರಾಟ ವಿಭಾಗದ ಮುಖ್ಯಸ್ಥರು. ಆ ದಿನ ಅವರು ವಿಮಾನದಲ್ಲೇ ಇರಲಿಲ್ಲ.

ಕಪ್ಪುಪೆಟ್ಟಿಗೆ
ಇದರ ಮರುಪ್ರಸಾರ 2010ರ ಜುಲೈ 28ರಂದು ಅಲಾಸ್ಕದಲ್ಲಿ. ಸಿ-17, ಏರ್ ಶೋ ತಾಲೀಮು, ಸ್ಟಾಲ್ ಎಚ್ಚರಿಕೆ ಬಡಿಯುತ್ತಿದ್ದರೂ ಕಡಿದಾದ ತಿರುವು ಮುಂದುವರಿಯಿತು. ನಾಲ್ವರು ಸತ್ತರು. ಪಕ್ಕದ ಸೀಟು, ವೀಕ್ಷಕನ ಸೀಟು ಎರಡೂ ತುಂಬಿದ್ದವು.

ಚೆಕ್‌ಲಿಸ್ಟ್
ದಫ್ತರ ಅವರ ಪೋಸ್ಟ್ ಚೆನ್ನಾಗಿದೆ. ಆದರೆ ಗಾಳಿಯಲ್ಲಿ ಏನೂ ಮಾಡಲಾಗದು ಎಂಬ ಅರ್ಥ ಬರುತ್ತಿದೆ. ಕಿರಿಯರ ಕೈಗೆ ಕೊಟ್ಟಿರುವ ಸಲಕರಣೆಗಳಿವೆ.

ಅಮೆರಿಕದ ಸಾರಿಗೆ ವಿಮಾನಗಳಲ್ಲಿ "ಟೈಮ್ ಔಟ್" ಎಂಬ ಕೂಗು ಎಲ್ಲ ಸಿಬ್ಬಂದಿಗೂ ಸಿಗುವ ಹಕ್ಕು. ಹಿಂದೆ ಸಾಮಾನು ನೋಡಿಕೊಳ್ಳುವ ಲೋಡ್‌ಮಾಸ್ಟರ್ ಕೂಡ ಕೂಗಬಹುದು. ಕೂಗಿದ ಮೇಲೆ ಕ್ರಮ ಹೀಗೆ: ಮೊದಲು ವಿಮಾನವನ್ನು ಸ್ಥಿರಗೊಳಿಸಿ ನೆಲದಿಂದ ದೂರ ಇರುವುದನ್ನು ಖಚಿತ ಮಾಡಿಕೊಳ್ಳಬೇಕು. ಆಮೇಲೆ ಕೂಗಿದವನು ತನ್ನ ಆತಂಕ ಹೇಳಬೇಕು. ಕಮಾಂಡರ್ ಉಳಿದವರ ಮಾತಿಗೂ ಅವಕಾಶ ಕೊಟ್ಟು ಕೊನೆಗೆ ತಾನೇ ತೀರ್ಮಾನಿಸಬೇಕು. ಗಮನಿಸಿ, ಅಂತಿಮ ಅಧಿಕಾರ ಕಮಾಂಡರ್ ಬಳಿಯೇ ಉಳಿಯಿತು. ಅದನ್ನು ಚಲಾಯಿಸುವ ಮುಂಚೆ ನಿಂತು ಕೇಳಲೇಬೇಕಾಯಿತು, ಅಷ್ಟೆ.

ಫೈಟರ್‌ಗಳಲ್ಲಿ "ನಾಕ್ ಇಟ್ ಆಫ್". ಅಭ್ಯಾಸದ ಕಾಳಗದಲ್ಲಿ ಯಾರೇ ಕೂಗಿದರೂ ಎಲ್ಲರೂ ಕಸರತ್ತು ನಿಲ್ಲಿಸಿ, ಒಬ್ಬೊಬ್ಬರಾಗಿ ತಮ್ಮ ಕಾಲ್‌ಸೈನ್ ಸೇರಿಸಿ ಮರುನುಡಿಯಬೇಕು. ನಿಲ್ಲಿಸಿದ ಮೇಲೆ ಕಾರಣ ಕೇಳಬಹುದು, ಮೊದಲಲ್ಲ.

ಮೂರನೆಯದು ಎರಡು ಸವಾಲಿನ ನಿಯಮ. "ಎತ್ತರ ನೋಡಿ" ಅಂದೆ, ಉತ್ತರವಿಲ್ಲ. ಮತ್ತೆ ಅಂದೆ, ಉತ್ತರವೂ ಇಲ್ಲ, ತಿದ್ದುಪಡಿಯೂ ಇಲ್ಲ. ಆಗ ಎದುರಿಗಿರುವವನು ಮಂಕಾಗಿದ್ದಾನೆ ಅಥವಾ ಒಂದೇ ವಿಷಯಕ್ಕೆ ಅಂಟಿಕೊಂಡಿದ್ದಾನೆ ಎಂದು ಭಾವಿಸಿ ಕಂಟ್ರೋಲ್ ತೆಗೆದುಕೊಳ್ಳಬೇಕು. ಇಲ್ಲಿ ಮಾತಿನ ರೂಪ ಮುಖ್ಯ. "ಸರ್, ಸ್ವಲ್ಪ ತಗ್ಗಾಯಿತೇನೋ" ಎಂಬುದು ಸವಾಲಲ್ಲ, ಗೊಣಗಾಟ. "ಎತ್ತರ 400, ಮಿನಿಮಮ್ 500, ಏರಿ" ಎಂಬುದು ಸವಾಲು. ಅಂಕಿ, ಮಿತಿ, ಕ್ರಿಯೆ, ಮೂರೂ ಒಂದೇ ಉಸಿರಿನಲ್ಲಿ.

ಎಡಸೀಟು
ಚೆಕ್‌ಲಿಸ್ಟ್ ಅವರೇ, ಕಂಟ್ರೋಲ್ ತೆಗೆದುಕೊಳ್ಳುವುದು ಹಾಳೆಯ ಮೇಲೆ ಸುಲಭ. 250 ಅಡಿಯಲ್ಲಿ ಎರಡು ಸವಾಲು ಹಾಕಿ ಉತ್ತರಕ್ಕೆ ಕಾಯುವಷ್ಟು ಸೆಕೆಂಡುಗಳೇ ಇರುವುದಿಲ್ಲ. ದೊಡ್ಡ ವಿಮಾನದಲ್ಲಿ ಇಬ್ಬರು ಎದುರುಬದುರು ಯೋಕ್ (ವಿಮಾನ ನಡೆಸುವ ಹಿಡಿಕೆ) ಎಳೆದರೆ ಅದು ಇನ್ನೊಂದು ಅಪಘಾತ. ತಗ್ಗಿನ ಹಾರಾಟಕ್ಕೆ ಈ ನಿಯಮ ಬ್ರೀಫಿಂಗ್ ಕೋಣೆಯಲ್ಲೇ ಮುಗಿಯಬೇಕು: ಇಂಥ ಅಂಕಿ ದಾಟಿದರೆ ನಾನು ಹೇಳುವುದಿಲ್ಲ, ತೆಗೆದುಕೊಳ್ಳುತ್ತೇನೆ, ನೀನು ಬಿಡಬೇಕು. ಒಪ್ಪಿಗೆಯೇ? ಆಮೇಲೆ ಹೊರಡುವುದು.

ಚೆಕ್‌ಲಿಸ್ಟ್
ಒಪ್ಪಿದೆ. ಇನ್ನೊಂದು ತೊಡಕೂ ಇದೆ: ಯಾರಿಗೂ ತಪ್ಪು ಕಾಣದಿದ್ದರೆ ಈ ಕೂಗುಗಳೆಲ್ಲ ದಂಡ. 2015ರ ಅಕ್ಟೋಬರ್ 2, ಅಫ್ಘಾನಿಸ್ತಾನದ ಜಲಾಲಾಬಾದ್, ಅಮೆರಿಕದ ಸಾರಿಗೆ ವಿಮಾನ ಸಿ-130ಜೆ. ಎಂಜಿನ್ ಓಡುತ್ತಿರುವಾಗಲೇ ರಾತ್ರಿ ಸಾಮಾನು ಏರಿಸುತ್ತಿದ್ದರು. ಎತ್ತರದ ಸಾಮಾನಿಗೆ ಬಾಲದ ಎಲಿವೇಟರ್ (ಮೂತಿ ಏರಿಳಿಸುವ ಮಡಿಕೆ) ಅಡ್ಡ ಬರಬಾರದೆಂದು ಪೈಲಟ್ ಯೋಕ್ ಹಿಂದಕ್ಕೆ ಎಳೆದು ಹಿಡಿಯಬೇಕಿತ್ತು. ಕೈ ಸೋತಿತು ಅಂತ ಯೋಕ್ ಮುಂದೆ ರಾತ್ರಿ ಕನ್ನಡಕದ ಗಟ್ಟಿ ಪೆಟ್ಟಿಗೆ ಸಿಕ್ಕಿಸಿದ. ತೆಗೆಯುವುದು ಮರೆತುಹೋಯಿತು. ಕತ್ತಲು, ಕಣ್ಣಿಗೆ ಕನ್ನಡಕ, ಪೆಟ್ಟಿಗೆ ಕಾಣಲಿಲ್ಲ. ನೆಲ ಬಿಟ್ಟ ಮೇಲೆ ಮೂತಿ ಏರುತ್ತಲೇ ಹೋಯಿತು. ಕೋ-ಪೈಲಟ್ ಅದನ್ನು ಟ್ರಿಮ್ (ಮೂತಿಯ ಸಮತೋಲ ಹೊಂದಿಸುವ ವ್ಯವಸ್ಥೆ) ದೋಷ ಅಂದುಕೊಂಡ. ವಿಮಾನದಲ್ಲಿದ್ದ 11 ಜನ, ನೆಲದ ಮೇಲಿದ್ದ 3 ಜನ ಸತ್ತರು.

ಇಲ್ಲಿ ಅಧಿಕಾರದ ಜಗಳವೇ ಇರಲಿಲ್ಲ. ಪುಸ್ತಕದಲ್ಲಿಲ್ಲದ ಒಂದು ಉಪಾಯ, ಚೆಕ್‌ಲಿಸ್ಟಿನಲ್ಲಿ ಅದನ್ನು ಬಿಚ್ಚುವ ಸಾಲಿಲ್ಲ. ತಾತ್ಕಾಲಿಕವಾಗಿ ಏನೇ ಸಿಕ್ಕಿಸಿದರೂ ಜೋರಾಗಿ ಹೇಳಿ, ಥ್ರಾಟಲ್ ಮೇಲೆ ಒಂದು ಗುರುತು ನೇತುಹಾಕುವುದು ಒಳ್ಳೆಯದು. ಥ್ರಾಟಲ್ ಮುಟ್ಟದೆ ಯಾರೂ ಟೇಕಾಫ್ ಮಾಡಲಾರರು.

ಉಪ್ಪುಗಾಳಿ
ಅಧಿಕಾರ ಹೆಚ್ಚಾಗಿ ಕೆಟ್ಟ ಉದಾಹರಣೆಯೂ ಬೇಕಲ್ಲ. 1994ರ ಏಪ್ರಿಲ್ 14, ಉತ್ತರ ಇರಾಕ್. ಅಮೆರಿಕದ ಎರಡು ಎಫ್-15 ಫೈಟರ್‌ಗಳು ತಮ್ಮದೇ ಸೇನೆಯ ಎರಡು ಬ್ಲ್ಯಾಕ್ ಹಾಕ್ ಹೆಲಿಕಾಪ್ಟರ್‌ಗಳನ್ನು ಹೊಡೆದುರುಳಿಸಿದವು, 26 ಸಾವು. ಮೇಲೆ ಅವಾಕ್ಸ್, ಅಂದರೆ ರಾಡಾರ್ ಹೊತ್ತು ಆಕಾಶ ಕಾಯುವ ವಿಮಾನ, ಇತ್ತು. ಅವಾಕ್ಸ್‌ನಲ್ಲಿ ವಿಮಾನಕ್ಕೆ ಒಬ್ಬ ಕಮಾಂಡರ್, ರಾಡಾರ್ ತಂಡಕ್ಕೆ ಇನ್ನೊಬ್ಬ, ಅವರ ಕೆಳಗೆ ಹಿರಿಯ ನಿರ್ದೇಶಕ, ಜೊತೆಗೆ ನೆಲದ ಕಮಾಂಡರ್ ಪರವಾಗಿ ಕೂತ ಇನ್ನೊಬ್ಬ ಅಧಿಕಾರಿ. ಹೆಲಿಕಾಪ್ಟರ್‌ಗಳು ಹಾರಾಟ ನಿಷೇಧದ ವಲಯದೊಳಗೆ ಹೋದ ಮೇಲೂ ದಾರಿಯ ಕಂಟ್ರೋಲರ್‌ನ ತರಂಗದಲ್ಲೇ ಉಳಿದವು, ಫೈಟರ್‌ಗಳು ವಲಯದ ಕಂಟ್ರೋಲರ್ ಬಳಿ. ಗುರುತಿನ ಸಂಕೇತದ ಮೋಡ್ 1 ಕೋಡ್ ವಲಯದ ಒಳಗೆ ಬೇರೆ, ಹೊರಗೆ ಬೇರೆ. ಹೆಲಿಕಾಪ್ಟರ್‌ಗಳು ಹೊರಗಿನದನ್ನೇ ಹೊತ್ತಿದ್ದವು. ನಾಲ್ವರು ಹಿರಿಯರು ಒಂದೇ ವಿಮಾನದಲ್ಲಿ, "ನಿಲ್ಲಿ" ಎಂದವರು ಒಬ್ಬರೂ ಇಲ್ಲ. ಎಲ್ಲರ ಹೊಣೆ ಯಾರ ಹೊಣೆಯೂ ಅಲ್ಲ ಅನ್ನುವುದಕ್ಕೆ ಇದಕ್ಕಿಂತ ಬೇರೆ ಬೇಕೆ.

ದಫ್ತರ
ಕ್ಯಾಪ್ಟನ್ ತಲೆಗೆ ಕಟ್ಟುವ ಮುಂಚೆ ಮೇಲಿನ ಮೆಟ್ಟಿಲನ್ನೂ ನೋಡಬೇಕು. 1996ರ ಏಪ್ರಿಲ್ 3, ಕ್ರೊಯೇಷಿಯಾದ ಡುಬ್ರೋವ್ನಿಕ್, ಅಮೆರಿಕ ವಾಯುಪಡೆಯ ಸಿಟಿ-43ಎ ಗುಡ್ಡಕ್ಕೆ ಬಡಿದು 35 ಜನ ಸತ್ತರು. ಆ ಇಳಿತದ ವಿಧಾನಕ್ಕೆ ಎರಡು ಎಡಿಎಫ್ ರಿಸೀವರ್ (ನೆಲದ ರೇಡಿಯೊ ದೀಪಸ್ತಂಭದ ದಿಕ್ಕು ತೋರಿಸುವ ಸಾಧನ) ಬೇಕು: ಒಂದು ದಾರಿ ಹಿಡಿಯಲು, ಇನ್ನೊಂದು ಎಲ್ಲಿ ಇಳಿತ ಬಿಟ್ಟು ಮೇಲೇರಬೇಕು ಎಂದು ತಿಳಿಯಲು. ವಿಮಾನದಲ್ಲಿದ್ದದ್ದು ಒಂದೇ. ಸೇನೆ ಪರಿಶೀಲಿಸದ ನಕಾಶೆಗಳಲ್ಲಿ ಹಾರಬಾರದು ಎಂಬ ನಿಯಮವಿತ್ತು, ವಿಂಗ್ ಅದನ್ನು ಜಾರಿಗೆ ತಂದಿರಲಿಲ್ಲ. ಸಿಬ್ಬಂದಿಯ ತಪ್ಪುಗಳೂ ವರದಿಯಲ್ಲಿವೆ. ಆದರೆ ಕಮಾಂಡರ್‌ಗಳ ಹುದ್ದೆಯೂ ಹೋಯಿತು.

ಬ್ರಿಟನ್ನಿನದು ಉಲ್ಟಾ ಕಥೆ. 1994ರ ಜೂನ್ 2ರಂದು ಸ್ಕಾಟ್ಲೆಂಡಿನ ಮಲ್ ಆಫ್ ಕಿಂಟೈರ್‌ನಲ್ಲಿ ಚಿನೂಕ್ ಹೆಲಿಕಾಪ್ಟರ್ ಬಿದ್ದು 29 ಜನ ಸತ್ತರು. ಸತ್ತ ಸಿಬ್ಬಂದಿಯನ್ನು ದೂರಬೇಕಾದರೆ ಕಿಂಚಿತ್ತೂ ಸಂಶಯ ಇರಬಾರದು ಎಂಬುದು ಅಲ್ಲಿನ ನಿಯಮ. ತನಿಖಾ ಮಂಡಳಿ ಅಷ್ಟು ದೂರ ಹೋಗಲಿಲ್ಲ, ಮೇಲಿನ ಇಬ್ಬರು ಏರ್ ಮಾರ್ಷಲ್‌ಗಳು ಹೋಗಿ "ಘೋರ ನಿರ್ಲಕ್ಷ್ಯ" ಎಂದು ಬರೆದರು. ಅದು ರದ್ದಾಗಲು 2011 ಬರಬೇಕಾಯಿತು.

2006ರ ಸೆಪ್ಟೆಂಬರ್ 2ರಂದು ಅಫ್ಘಾನಿಸ್ತಾನದ ಮೇಲೆ ನಿಮ್ರಾಡ್ ಎಕ್ಸ್‌ವಿ230 ಗಾಳಿಯಲ್ಲೇ ಬೆಂಕಿ ಹತ್ತಿ 14 ಜನ ಸತ್ತರು, ಅದೂ ಗಾಳಿಯಲ್ಲಿ ಇಂಧನ ತುಂಬಿಸಿಕೊಂಡ ಕೂಡಲೇ. ಅಲ್ಲಿ ಯಾವ ಕ್ಯಾಪ್ಟನ್ನೂ ಏನೂ ಮಾಡುವಂತಿರಲಿಲ್ಲ. ದೋಷ ವಿನ್ಯಾಸದಲ್ಲಿತ್ತು, ಅದನ್ನು ಹಿಡಿಯಬೇಕಿದ್ದ ಸುರಕ್ಷತಾ ಪರಿಶೀಲನೆಯಲ್ಲಿತ್ತು. 2009ರ ಹ್ಯಾಡನ್-ಕೇವ್ ವರದಿಯ ನಂತರ ಅಲ್ಲಿ ಮಿಲಿಟರಿ ಏವಿಯೇಷನ್ ಅಥಾರಿಟಿ ಬಂತು. ಜೀವಾಪಾಯಕ್ಕೆ ಹೆಸರು ಹಿಡಿದು ಹೊಣೆ ಹೊರುವ ಡ್ಯೂಟಿ ಹೋಲ್ಡರ್‌ಗಳನ್ನು ಮೂರು ಮಟ್ಟದಲ್ಲಿ ನೇಮಿಸಿದರು: ಸೇನಾಪಡೆಯ ಮುಖ್ಯಸ್ಥ, ಅವರ ಕೆಳಗೆ ಎರಡು ನಕ್ಷತ್ರದ ಅಧಿಕಾರಿ, ಅವರ ಕೆಳಗೆ ವಾಯುನೆಲೆಯ ಕಮಾಂಡರ್. ಸಮಿತಿಗೆ ಅಲ್ಲ, ವ್ಯಕ್ತಿಗೆ. ನನಗೆ ಇದು ಸರಿ ಅನಿಸುತ್ತದೆ. ಕಾಗದ ಹೆಚ್ಚಾಯಿತು ಎಂಬ ಗೊಣಗಾಟವೂ ಸುಳ್ಳಲ್ಲ.

ಗಾಳಿಪಟ
ಕೊನೆಯದೊಂದು. ಎರಡು ಸೀಟಿನ ಫೈಟರ್‌ನಲ್ಲಿ ಎಜೆಕ್ಷನ್ (ಸೀಟಿನ ಸಮೇತ ಹೊರಗೆ ಚಿಮ್ಮುವುದು) ತೀರ್ಮಾನ ಯಾರದು? ಹಿಂದಿನವನು ಎಳೆದರೆ ಮುಂದಿನವನೂ ಹೋಗುತ್ತಾನೆಯೇ?

ಎಡಸೀಟು
ಸ್ವಿಚ್ ಎಲ್ಲಿಟ್ಟಿದ್ದೀರಿ ಎಂಬುದರ ಮೇಲೆ. ಎಫ್-15ಇಯ ಹಿಂದಿನ ಕಾಕ್‌ಪಿಟ್‌ನಲ್ಲಿ ಆಯ್ಕೆಯ ಹಿಡಿ ಇದೆ. "ನಾರ್ಮಲ್"ನಲ್ಲಿ ಮುಂದಿನವನು ಎಳೆದರೆ ಇಬ್ಬರೂ ಹೋಗುತ್ತಾರೆ, ಹಿಂದಿನವನು ಎಳೆದರೆ ಅವನೊಬ್ಬನೇ. "ಆಫ್ಟ್ ಇನಿಷಿಯೇಟ್"ಗೆ ತಿರುಗಿಸಿದರೆ ಯಾರು ಎಳೆದರೂ ಇಬ್ಬರೂ. ಎರಡರಲ್ಲೂ ಮೊದಲು ಹೊರಡುವುದು ಹಿಂದಿನ ಸೀಟು. ಮುಂದಿನದು ಮೊದಲು ಹೋದರೆ ಅದರ ರಾಕೆಟ್ ಉರಿ ಹಿಂದಿನವನ ಮುಖಕ್ಕೆ.

ಹಿಂದೆ ತರಬೇತಿಯಿಲ್ಲದ ಅತಿಥಿ ಕೂತಿದ್ದರೆ "ನಾರ್ಮಲ್". ಗಾಬರಿಯಲ್ಲಿ ಎಳೆದರೂ ವಿಮಾನ, ಪೈಲಟ್ ಉಳಿಯಲಿ ಎಂದು. ತರಬೇತಾದ ಜೊತೆಗಾರನಿದ್ದರೆ "ಆಫ್ಟ್ ಇನಿಷಿಯೇಟ್" ಇಡುವುದೇ ವಾಸಿ, ಏಕೆಂದರೆ ಮುಂದಿನವನು ವಿಮಾನ ಉಳಿಸುವುದರಲ್ಲಿ ಮುಳುಗಿರುತ್ತಾನೆ, ಎತ್ತರದ ಮುಳ್ಳು ಕಾಣುವುದು ಹಿಂದಿನವನಿಗೆ.

ಉಪ್ಪುಗಾಳಿ
ಅಂಕಿಯನ್ನೂ ಸೇರಿಸಿಬಿಡಿ. ಸಾಮಾನ್ಯವಾಗಿ ಹೇಳುವುದು: ವಿಮಾನ ಹತೋಟಿಯಲ್ಲಿದ್ದರೆ ನೆಲದಿಂದ 2,000 ಅಡಿಗೆ ಮುಂಚೆ ಹೊರಗೆ. ಹತೋಟಿ ತಪ್ಪಿದ್ದರೆ ಎಫ್-16ಕ್ಕೆ 6,000 ಅಡಿ. ನೆಲದಿಂದ ಎಷ್ಟು ಎಂಬುದನ್ನು ಲೆಕ್ಕ ಹಾಕಬೇಕು. ಗುಡ್ಡದ ಸೀಮೆಯಲ್ಲಿ ಆಲ್ಟಿಮೀಟರ್ 9,000 ತೋರಿಸುವಾಗ ಕೆಳಗೆ 4,000ದ ಶಿಖರವಿದ್ದರೆ ಆ 6,000 ಆಗಲೇ ದಾಟಿಹೋಗಿರುತ್ತದೆ. ಅದಕ್ಕೇ ಅವತ್ತಿನ ಜಾಗಕ್ಕೆ ಸರಿಯಾದ ಅಂಕಿಯನ್ನು ಕೂಡಿಸಿ ಮೊಣಕಾಲ ಹಲಗೆಯ ಮೇಲೆ ದಪ್ಪಕ್ಷರದಲ್ಲಿ ಬರೆದುಕೊಂಡು ಹೋಗುವುದು. ಆ ಅಂಕಿ ಬಂದಾಗ ಹಿಂದಿನವನು ಅನುಮತಿ ಕೇಳುವುದಿಲ್ಲ.